ಊರು ಉಳಿಸಿದ ಕತ್ತಿ

ಗಂಟಲ ಮೇಲೆ ಕತ್ತಿ. ಮುಖದ ತುಂಬ ನೊರೆ. ಬಾಗಿಲಲ್ಲಿ ಗೂಳಿ!

ಗೂಳಿ ಅಂದರೆ ಪುರಸಭೆ ಅಧ್ಯಕ್ಷರ ಬಲಗೈ ಬಂಟ. ಕತ್ತು ಅನ್ನುವುದೇ ಇಲ್ಲ, ಹೆಗಲ ಮೇಲೆ ನೇರ ತಲೆ.

"ಈ ಕಡೆ ಒಬ್ಬ ಓಡಿಬಂದನಾ? ಕೈಯಲ್ಲಿ ಕತ್ತಿ ಇತ್ತು."

"ಸಲೂನಿನಲ್ಲಿ ಕತ್ತಿಗೇನು ಬರ ಅಣ್ಣಾ?" ಅಂದ ನನ್ನ ಕೆನ್ನೆ ಕೆರೆಯುತ್ತಿದ್ದವನು. "ಕೂತ್ಕೊಳ್ಳಿ, ನಿಮಗೂ ಒಂದು ಕೈ ನೋಡ್ತೀನಿ."

ಗೂಳಿ ಡ್ರಾಯರುಗಳನ್ನೆಲ್ಲ ಎಳೆದುಹಾಕಿದ. ಅವನು ಹುಡುಕುತ್ತಿದ್ದದ್ದು ನನ್ನ ದವಡೆಯ ಮೇಲೇ ಓಡಾಡುತ್ತಿತ್ತು... ಕಾಣಲಿಲ್ಲ! ಬಾಗಿಲು ಒದ್ದು ಹೋದ.

ಮೊದಲಿಂದ ಹೇಳುತ್ತೇನೆ, ಕೇಳಿ.

ಕಳೆದದ್ದನ್ನು ಹುಡುಕಿಕೊಡುವುದು ನನ್ನ ಕಸುಬು. ಬೆಳಿಗ್ಗೆ ಅಧ್ಯಕ್ಷರು ಕರೆಸಿದರು. ಸಂಜೆ ಚೌಕದಲ್ಲಿ ಅವರ ಮುತ್ತಜ್ಜನ ಪ್ರತಿಮೆ ಅನಾವರಣ. ಕಂಚಿನ ಕುದುರೆ... ಆಕಾಶಕ್ಕೆತ್ತಿದ ಖಡ್ಗ!

"ಮುತ್ತಜ್ಜ ಕತ್ತಿ ಹಿಡಿದು ಊರು ಉಳಿಸಿದವರು ಕಣಯ್ಯಾ. ಆ ಕತ್ತಿ ಮ್ಯೂಸಿಯಂನಲ್ಲಿದೆ. ಅದನ್ನ ನೋಡ್ಕೊಳ್ಳೋ ಆಯಮ್ಮ ಕೊಡ್ತಿಲ್ಲ. ಸಂಜೆಯೊಳಗೆ ತಾ. ಇಲ್ಲಾಂದ್ರೆ ಮ್ಯೂಸಿಯಂಗೇ ಬೀಗ!"

ಕಾವಲಿಗೆ ಗೂಳಿಯನ್ನೂ ಅಂಟಿಸಿದರು.

ಮ್ಯೂಸಿಯಂ ಅಂದರೆ ಎರಡು ಕೋಣೆ, ಒಂದು ಫ್ಯಾನು. ಅದೂ ತಿರುಗುವುದಿಲ್ಲ. ನೋಡಿಕೊಳ್ಳುವ ಮೇಡಮ್ ನಿಟ್ಟುಸಿರು ಬಿಟ್ಟು ಕಪಾಟಿನ ತಳದಿಂದ ಸಣ್ಣ ಡಬ್ಬಿ ತೆಗೆದರು.

ಒಳಗೆ... ಮಡಚುವ ಕ್ಷೌರದ ಕತ್ತಿ!

"ಇದಾ?"

"ಇದೇ. ಹಳೇ ದಾಖಲೆಯಲ್ಲಿ ಬರೀ ಕತ್ತಿ ಅಂತಿದೆ. ಓದಿದವರು ಖಡ್ಗ ಅಂದ್ಕೊಂಡರು. ಊರು ಸುಡೋಕೆ ಬಂದ ದಂಡನಾಯಕ, ಗಡ್ಡ ತೆಗೆಸೋಕೆ ಕ್ಷೌರಿಕನಾಗಿದ್ದ ಆ ಮುತ್ತಜ್ಜನನ್ನ ಕರೆಸಿದ. ಶತ್ರುವಿನ ಕುತ್ತಿಗೆ ಕೈಯಲ್ಲೇ ಇತ್ತಪ್ಪಾ... ಕೊಯ್ಯಲಿಲ್ಲ. ಅದಕ್ಕೇ ಅವನೂ ಊರು ಸುಡಲಿಲ್ಲ."

ಕಾವ್ಯ ಓದುವವರ ಮುಂದೆ ಕೂತು ಬೆಳೆದವನು ನಾನು. ಸಾವಿರ ತಲೆ ಉರುಳಿಸಿದವರ ಕತೆ ಕೇಳಿದ್ದೆ. ಒಂದು ತಲೆ ಉಳಿಸಿದವನ ಕತೆ ಇದೇ ಮೊದಲು.

ಗೂಳಿ ಫೋನಿನಲ್ಲಿ ಸುದ್ದಿ ಮುಟ್ಟಿಸಿದ. ಅಧ್ಯಕ್ಷರ ಕೂಗು ನನಗೂ ಕೇಳಿಸಿತು.

"ಕುದುರೆ ಹತ್ತಿಸಿದ ಮುತ್ತಜ್ಜನ ಕೈಗೆ ಕ್ಷೌರದ ಕತ್ತಿನಾ? ಚರಂಡಿಗೆ ಎಸಿ! ಆಯಮ್ಮನ್ನ ಹೊರಗೆ ಹಾಕು!"

ಡಬ್ಬಿಯಿಂದ ಕತ್ತಿ ಕಸಿದು ಓಡಿದೆ. ಮೆಟ್ಟಿಲು... ಸಂದಿ... ಯಾರದೋ ತಳ್ಳುಗಾಡಿ ಮಗುಚಿತು... ಎದುರಿಗೆ ಸಲೂನು!

ಕತ್ತಿಯನ್ನು ಕ್ಷೌರದವನ ಕೈಗಿಟ್ಟು ಕುರ್ಚಿಯಲ್ಲಿ ಕೂತೆ. ಉಳಿದದ್ದು ಆಗಲೇ ಹೇಳಿದೆ.

ಗೂಳಿ ಮರೆಯಾದದ್ದೇ ತಡ, ಒಂದು ಕೆನ್ನೆ ನುಣ್ಣಗೆ, ಇನ್ನೊಂದು ನೊರೆ, ಹಾಗೇ ಚೌಕಕ್ಕೆ ಓಡಿ ಅನಾವರಣದ ವೇದಿಕೆ ಹತ್ತಿದೆ. ಅಧ್ಯಕ್ಷರ ಕಿವಿಯಲ್ಲಿ ಉಸುರಿದೆ.

"ಮೈಕಿನಲ್ಲಿ ನಾನು ಮಾತಾಡಲಾ? ನೀವೇ ಮಾತಾಡ್ತೀರಾ?"

ಅಂಗಿಯ ಜೇಬಿನಲ್ಲಿ ಕತ್ತಿಯ ಹಿಡಿ ಇಣುಕುತ್ತಿತ್ತು. ಅಧ್ಯಕ್ಷರ ಮುಖ ಬಿಳಿಚಿತು.

"ಏನು ಬೇಕೋ ಹಾಳಾಗಿ ಹೋಗೋನೇ?"

"ಮ್ಯೂಸಿಯಂ ತೆರೆದಿರಬೇಕು. ಮೇಡಮ್ ಅಲ್ಲೇ ಇರಬೇಕು. ಕತ್ತಿ ಗಾಜಿನ ಪೆಟ್ಟಿಗೇಲಿ."

"ಬೋರ್ಡಲ್ಲಿ ಏನಂತ?"

"ಊರು ಉಳಿಸಿದ ಕತ್ತಿ. ಅಷ್ಟೇ."

ಅಧ್ಯಕ್ಷರು ಮೈಕು ಹಿಡಿದರು. ಮ್ಯೂಸಿಯಂ ಊರಿನ ಕಣ್ಣು ಅಂದರು. ಚಪ್ಪಾಳೆಯೋ ಚಪ್ಪಾಳೆ!

ಈಗ ಜನ ಮುಗಿಬಿದ್ದು ಬರುತ್ತಾರೆ. ಬೋರ್ಡು ಓದುತ್ತಾರೆ. ಪೆಟ್ಟಿಗೆಯೊಳಗೆ ಬಗ್ಗಿ ನೋಡುತ್ತಾರೆ... ಹೌಹಾರುತ್ತಾರೆ! ಮೇಡಮ್ ಎಷ್ಟು ಹೇಳಿದರೂ ನಂಬುವುದಿಲ್ಲ. ಯಾರೋ ಖಡ್ಗ ಕದ್ದು ಈ ತುಂಡು ಇಟ್ಟಿದ್ದಾರೆ ಅಂತ ಊರಿಗೆ ಊರೇ ಗುಲ್ಲು.

ಕಳ್ಳನನ್ನು ಹಿಡಿಯೋಕೆ ನಾಗರಿಕರು ಸೇರಿ ಒಬ್ಬನನ್ನು ನೇಮಿಸಿದ್ದಾರೆ. ಅಡ್ವಾನ್ಸ್ ತಗೊಂಡಿದ್ದೇನೆ... ಹುಡುಕುತ್ತಿದ್ದೇನೆ!