ತಾವರೆಕೆರೆಯವನ ಬಲಗಾಲು

ಛತ್ರದ ಹಜಾರದಲ್ಲಿ ಎದ್ದ ಕೂಗಿಗೆ ಸೂರಿನ ಪಾರಿವಾಳಗಳೆಲ್ಲ ಒಟ್ಟಿಗೆ ಹಾರಿದವು. ಮಧುಗಿರಿ ಬೆಟ್ಟದ ನೆತ್ತಿಗೆ ಆಗಷ್ಟೇ ಬಿಸಿಲು ತಾಕಿತ್ತು. ನಾಲ್ಕು ತಾಲ್ಲೂಕಿನ ಫುಟ್‌ಬಾಲ್ ಆಟಗಾರರು ಸಾಲಾಗಿ ಮಲಗಿದ್ದ ಚಾಪೆಗಳ ನಡುವೆ ಚಿಕ್ಕಹನುಮಯ್ಯ ಎದ್ದು ಕೂತಿದ್ದ. ಕಣ್ಣು ತನ್ನ ಬಲಗಾಲಿನ ಮೇಲೆ. ಅದು ಕಾಲಿನಂತೆಯೇ ಇರಲಿಲ್ಲ. ಪಾದದ ಮೇಲ್ಭಾಗವೆಲ್ಲ ಊದಿ, ಕೆಂಡದಂತೆ ಕೆಂಪಾಗಿ, ನೀರುಗುಳ್ಳೆ ಎದ್ದಿತ್ತು.

ಅದು ಸಾಮಾನ್ಯ ಕಾಲಾಗಿದ್ದರೆ ಯಾರೂ ಅಷ್ಟು ಗಾಬರಿಯಾಗುತ್ತಿರಲಿಲ್ಲ. ಮಹಾಯುದ್ಧ ಮುಗಿದ ಮೇಲೆ ಕಲ್ಕತ್ತದಲ್ಲಿ ದೊಡ್ಡದೊಂದು ಅಖಿಲ ಭಾರತ ಪಂದ್ಯಾವಳಿ ನಿಗದಿಯಾಗಿತ್ತು. ಅದಕ್ಕೆ ಮೈಸೂರು ಸಂಸ್ಥಾನದ ತಂಡವನ್ನು ಆರಿಸಲು ಬೆಂಗಳೂರಿನಿಂದ ಶಂಕರಲಿಂಗಪ್ಪನವರು ಬಂದಿದ್ದರು. ಕಲ್ಕತ್ತದಲ್ಲಿ ಮಿಂಚಿದವರಿಗೆ ಇಂಡಿಯಾ ತಂಡದ ಬಾಗಿಲೇ ತೆರೆಯುತ್ತದೆಂದು ಮಾತು. ಈ ಸೀಮೆಗೆಲ್ಲ ಸೇರಿ ಒಂದೇ ಜಾಗ, ಗೋಲು ಹೊಡೆಯುವವನ ಜಾಗ. ಅದಕ್ಕೆ ಇಬ್ಬರು. ಒಬ್ಬ ಶಿರಾ ಕಡೆಯ ತಾವರೆಕೆರೆಯ ಚಿಕ್ಕಹನುಮಯ್ಯ. ಇನ್ನೊಬ್ಬ ಮಧುಗಿರಿಯ ಮರುಳಸಿದ್ದಯ್ಯ. ಸಂಜೆ ನಾಲ್ಕಕ್ಕೆ ಆಯ್ಕೆಯ ಆಟ.

ನರ್ಸ್ ಇಂದ್ರಮ್ಮ ಚೀಲ ಹಿಡಿದು ಬರುವ ಹೊತ್ತಿಗೆ ಪೊಲೀಸ್ ದಫೇದಾರ ಮೂಡಲಗಿರಿಯಪ್ಪ ಆಗಲೇ ಬಂದು ನಿಂತಿದ್ದ. ಡಾಕ್ಟರು ಮಿಡಿಗೇಶಿಗೆ ಹೋಗಿದ್ದರು. ಆಸ್ಪತ್ರೆಯ ಭಾರವೆಲ್ಲ ಅವತ್ತು ಇಂದ್ರಮ್ಮನ ತಲೆಯ ಮೇಲೆ.

"ಗೇರು, ನರ್ಸಮ್ಮ," ಎಂದ ದಫೇದಾರ. "ಅಗಸ್ರು ಬಟ್ಟೆಗೆ ಗುರುತು ಹಾಕೋ ಗೇರುಕಾಯಿ. ಅದರ ರಸಾನ ಈ ಪಟ್ಟಿಗೆ ಬಳಿದವ್ರೆ. ನೋಡಿ ಹೆಂಗೆ ಕಪ್ಪಾಗದೆ."

ಬರಿಗಾಲಿನಲ್ಲಿ ಆಡುವವರೆಲ್ಲ ಕಣಕಾಲಿನಿಂದ ಪಾದದವರೆಗೆ ಹಳೆಯ ಬಟ್ಟೆಯ ಪಟ್ಟಿ ಸುತ್ತಿಕೊಳ್ಳುತ್ತಿದ್ದರು. ದಫೇದಾರ ಕಡ್ಡಿಯ ತುದಿಯಲ್ಲಿ ಎತ್ತಿ ತೋರಿಸಿದ ಪಟ್ಟಿಯನ್ನು ನೋಡಲು ಇಂದ್ರಮ್ಮ ಬಾಗಿದಳು. ಎಲೆಹಸಿರು ಬಣ್ಣ, ಹಳದಿ ಅಂಚು. ಅವಳದೇ ಹಳೆಯ ಸೀರೆ. ಅವಳೇ ಹರಿದು ತಮ್ಮನಿಗೆ ಕೊಟ್ಟದ್ದು.

"ನಿನ್ನೆ ರಾತ್ರಿ ಇದನ್ನ ಕಟ್ಟಿದ್ದು ಯಾರು?"

"ನಿಮ್ಮ ತಮ್ಮ ಮರುಳಸಿದ್ದಯ್ಯ. ನಾಲ್ಕು ತಾಲ್ಲೂಕಿನೋರು ನೋಡವ್ರೆ."

ಕಂಬಕ್ಕೆ ಆತು ನಿಂತಿದ್ದ ಮರುಳಸಿದ್ದಯ್ಯನ ಮುಖ ಸುಣ್ಣವಾಗಿತ್ತು. "ಕಾಲು ನೋಯ್ತದೆ ಅಂದ, ಕಟ್ದೆ. ಅಷ್ಟೇ ಕಣಕ್ಕ. ಇಬ್ರೂ ಒಂದೇ ತಟ್ಟೇಲಿ ಉಂಡೋರು. ನಾನ್ಯಾಕೆ ಅವನ ಕಾಲು ಸುಡ್ಲಿ?"

"ಕಲ್ಕತ್ತಕ್ಕೋಸ್ಕರ," ಎಂದು ಯಾರೋ ಹಿಂದಿನಿಂದ ಕುಟುಕಿದರು.

ಚಿಕ್ಕಹನುಮಯ್ಯ ಗೋಡೆಯ ಕಡೆಗೆ ಮುಖ ತಿರುಗಿಸಿ ಕೂತಿದ್ದ. ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ.

ಶಂಕರಲಿಂಗಪ್ಪನವರು ಕನ್ನಡಕ ತೆಗೆದು ಒರೆಸಿದರು. "ಇದು ಮಹಾರಾಜರ ಸಂಸ್ಥಾನದ ಹೆಸರು ಹೊತ್ತು ಹೋಗೋ ತಂಡ. ಸ್ಟೇಷನ್ನಿನಿಂದ ಎದ್ದು ಬಂದ ಹುಡುಗನನ್ನ ನಾನು ಸೇರಿಸೋಕಾಗಲ್ಲಮ್ಮ. ನಾಲ್ಕು ಗಂಟೆಯೊಳಗೆ ಆರೋಪ ಹೋದರೆ ಆಡಲಿ. ಇಲ್ಲದಿದ್ರೆ ಇಲ್ಲ."

ದಫೇದಾರ ಮರುಳಸಿದ್ದಯ್ಯನ ಭುಜದ ಮೇಲೆ ಕೈಯಿಟ್ಟ. ಏಳು ವರ್ಷದವನಿದ್ದಾಗಿನಿಂದ ಚಿಂದಿ ಸುತ್ತಿದ ಉಂಡೆಯನ್ನು ಒದೆಯುತ್ತ ಬೆಳೆದ ಹುಡುಗ. ಅಕ್ಕನ ಕಡೆ ಒಮ್ಮೆ ನೋಡಿ, ತಲೆ ತಗ್ಗಿಸಿ ಹೊರಟ.

*

ಇಂದ್ರಮ್ಮ ಅತ್ತು ಕೂರುವವಳಲ್ಲ. ಕೊಬ್ಬರಿ ಎಣ್ಣೆ ತರಿಸಿದಳು. ಬಿಸಿ ಕಾಫಿ ತರಿಸಿ ಚಿಕ್ಕಹನುಮಯ್ಯನ ಮುಂದೆ ಹಿಡಿದಳು. ಅವನು ಎಡಗೈ ಚಾಚಿ ಲೋಟ ತೆಗೆದುಕೊಂಡ. ಅವಳ ಹುಬ್ಬು ಗಂಟಾಯಿತು. ಹಿರಿಯರು ಕೊಟ್ಟದ್ದನ್ನು ಎಡಗೈಯಲ್ಲಿ ಈಸಿಕೊಳ್ಳುವ ಹುಡುಗ ಅವನಲ್ಲ. ನೋವಿನಲ್ಲಿ ಮರೆತಿರಬೇಕು ಎಂದುಕೊಂಡಳು.

ಎಣ್ಣೆ ಸವರುತ್ತ ಗುಳ್ಳೆಗಳನ್ನು ನೋಡಿದಳು. ನೋಡುತ್ತ ನೋಡುತ್ತ ಕೈ ನಿಂತಿತು.

ಗುಳ್ಳೆಗಳು ಕಣಕಾಲನ್ನು ಸುತ್ತಿರಲಿಲ್ಲ. ಪಾದದ ಮೇಲೆ ಉದ್ದಕ್ಕೆ, ಗೆರೆ ಎಳೆದ ಹಾಗೆ, ಪಕ್ಕಪಕ್ಕದಲ್ಲಿ ಎದ್ದಿದ್ದವು. ಒಂದೊಂದು ಗೆರೆಯೂ ಒಂದೊಂದು ಬೆರಳಿನಗಲ. ಬಟ್ಟೆಗೆ ಬಳಿದ ರಸ ಬಟ್ಟೆ ಸುತ್ತಿದ ಕಡೆಯಲ್ಲೆಲ್ಲ ಸುಡಬೇಕಲ್ಲವೇ? ಇದು ಯಾರೋ ಬೆರಳಲ್ಲಿ ಹಚ್ಚಿದ್ದು.

ಎಡಗಾಲನ್ನೂ ಎತ್ತಿ ನೋಡಿದಳು. ಅದಕ್ಕೆ ಏನೂ ಆಗಿರಲಿಲ್ಲ. ಹಿಮ್ಮಡಿಯ ಹಿಂದೆ ಮಾತ್ರ ಒಣಗಿದ ಹಳೆಯ ಗಾಯವೊಂದು, ಕಿರುಬೆರಳ ಮೇಲೆ ಅಂಥದೇ ಇನ್ನೊಂದು. ಎಲ್ಲೋ ಕಂಡ ಗಾಯ. ಎಲ್ಲಿ ಎಂಬುದು ಮಾತ್ರ ಹೊಳೆಯಲಿಲ್ಲ.

ಗೇರು ಎಂದರೆ ಅವಳಿಗೆ ಅಜ್ಜಿಯ ನೆನಪು. ಕಣ್ಣು ಬೀಳಬಾರದೆಂದು ಅಜ್ಜಿ ಗೇರುಕಾಯಿ ಸುಟ್ಟು ಮೊಮ್ಮಗಳ ತೋಳಿಗೊಂದು ಬೊಟ್ಟಿಟ್ಟಿದ್ದಳು. ಅವತ್ತೆಲ್ಲ ಏನೂ ಆಗಲಿಲ್ಲ. ಮೂರನೆಯ ದಿನ ತೋಳು ಕುಂಬಳಕಾಯಿಯಾಯಿತು. ಅಳುವ ಹುಡುಗಿಯನ್ನು ಮಡಿಲಲ್ಲಿ ಹಾಕಿಕೊಂಡು ಅಜ್ಜಿ ಕಥೆ ಹೇಳಿದ್ದಳು. ಗೇರಮ್ಮ ಅಂತ ಕಾಡಿನಲ್ಲಿ ಒಬ್ಬಳಿದ್ದಳಂತೆ. ಬೈದರೆ ಆಗಲೇ ಮಾತಾಡಳು. ನಕ್ಕೊಂಡು ಮನೆಗೆ ಹೋಗಿ, ಉಂಡು, ಮಲಗಿ, ಎದ್ದು, ಆಮೇಲೆ ಬಂದು ಬಾಗಿಲು ಬಡಿಯುವಳಂತೆ. ಆಸ್ಪತ್ರೆಗೆ ಸೇರಿದ ಮೇಲೆ ಅದು ಕಥೆಯಷ್ಟೇ ಅಲ್ಲವೆಂದು ಗೊತ್ತಾಯಿತು. ಗೇರು ತಾಕಿ ಬಂದವರೆಲ್ಲ ಹೇಳುತ್ತಿದ್ದುದು ಒಂದೇ ಮಾತು: ಮೊನ್ನೆ ಮುಟ್ಟಿದ್ದೆ, ಇವತ್ತು ಎದ್ದಿದೆ.

ನಿನ್ನೆ ರಾತ್ರಿ ಕಟ್ಟಿದ ಪಟ್ಟಿ ಇವತ್ತು ಬೆಳಿಗ್ಗೆಗೆಲ್ಲ ಇಷ್ಟು ದೊಡ್ಡ ಗುಳ್ಳೆ ಎಬ್ಬಿಸಲಾರದು!

ಸೆರಗು ಸಿಕ್ಕಿಸಿಕೊಂಡು ಓಡಿದಳು.

*

"ಅಂದ್ರೆ ಗೇರು ಹಚ್ಚಿದ್ದು ಮೊನ್ನೆ," ಎಂದಳು ಸ್ಟೇಷನ್ನಿನಲ್ಲಿ. "ಮೊನ್ನೆ ಸಿದ್ದ ಪಾವಗಡದಲ್ಲಿದ್ದ, ನಮ್ಮ ಸೋದರತ್ತೆ ಮನೇಲಿ. ನಿನ್ನೆ ಮಧ್ಯಾಹ್ನದ ಬಸ್ಸಿಗೆ ಬಂದಿಳಿದ. ಬೇಕಾದ್ರೆ ಬಸ್ಸಿನೋರನ್ನ ಕೇಳಿ."

ಮೂಡಲಗಿರಿಯಪ್ಪ ಮೀಸೆ ತಿರುವಿದ. ಕೆಟ್ಟ ಮನುಷ್ಯನಲ್ಲ. ಆದರೆ ಹಿಡಿದದ್ದನ್ನು ಬಿಡುವುದು ಅವನಿಗೆ ಕಷ್ಟ. "ನೀವೇಳೋದು ಸರಿ ಇರ್ಬೌದು ನರ್ಸಮ್ಮ. ಇವನಲ್ಲ ಅಂದ್ರೆ ಇನ್ಯಾರು? ಅದನ್ನ ಹೇಳಿ, ಬುಡ್ತೀನಿ."

"ಮೊನ್ನೆ ಹನುಮಯ್ಯ ಇನ್ನೂ ಅವನ ಊರಲ್ಲೇ ಇದ್ದ. ಅವತ್ತು ಮಧುಗಿರಿಯಿಂದ ತಾವರೆಕೆರೆಗೆ ಯಾರು ಹೋಗಿದ್ರು?"

ದಫೇದಾರ ಯೋಚಿಸಿದ. "ಹೋಗಿದ್ದೋರು ಒಬ್ರೇ. ಜವಳಿ ಅಂಗಡಿ ನಂದೀಶ್ವರಯ್ಯನೋರು. ಆಟಗಾರರನ್ನ ಕರೆಯೋಕೆ ಅಂತ ಮೋಟಾರಲ್ಲಿ ಹೋಗಿದ್ರು."

ಮರುಳಸಿದ್ದಯ್ಯ ಬೆಂಚಿನಿಂದ ತಲೆ ಎತ್ತಿದ. ನಂದೀಶ್ವರಯ್ಯ ಊರಿನ ಫುಟ್‌ಬಾಲ್ ಸಂಘದ ಪೋಷಕರು. ಕಲ್ಕತ್ತಕ್ಕೆ ನಮ್ಮೂರ ಹುಡುಗನೇ ಹೋಗಬೇಕೆಂದು ಸಂತೆಯಲ್ಲಿ ನಿಂತು ಕೂಗಿದ್ದವರು. ಅಂಗಡಿಯ ಹಿಂದೆಯೇ ಅಗಸರ ಕೇರಿ.

"ದೊಡ್ಡ ಕುಳ ನರ್ಸಮ್ಮ," ಎಂದು ದಫೇದಾರ ದನಿ ತಗ್ಗಿಸಿದ. "ಉಷಾರು."

*

ನಂದೀಶ್ವರಯ್ಯ ಅಂಗಡಿಯಲ್ಲಿ ದೊಡ್ಡದೊಂದು ಪೆಟ್ಟಿಗೆಯ ಮುಂದೆ ಕೂತು ಊದುಬತ್ತಿ ಬೆಳಗುತ್ತಿದ್ದರು. ಪೆಟ್ಟಿಗೆಯ ತುಂಬ ಬೂಟು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಫುಟ್‌ಬಾಲ್ ಬೂಟುಗಳು.

"ಬಾಮ್ಮ ಇಂದ್ರಮ್ಮ. ನಿನ್ನ ತಮ್ಮನ ವಿಷಯ ಕೇಳಿ ಊಟ ಸೇರ್ಲಿಲ್ಲ ಕಣಮ್ಮ."

"ಮೊನ್ನೆ ನೀವು ಹನುಮಯ್ಯನ ಮನೆಗೆ ಹೋಗಿದ್ರಂತೆ."

"ಹೋಗಿದ್ದೆ. ಒಳಕ್ಕೇ ಕರೀಲಿಲ್ಲ ಬಡ್ಡೀಮಗ! ಬಾಗಿಲಲ್ಲೇ ಬೂಟು ವಾಪಸ್ ಕೊಟ್ಟು ಕಳಿಸಿದ."

"ಯಾವ ಬೂಟು?"

"ಇದೇ. ಇವತ್ತು ಪೂಜೆ ಮಾಡಿ ಎಲ್ಲರಿಗೂ ಕೊಡೋಣ ಅಂತಿದ್ದೆ. ಅವನು ಮಾತ್ರ ತಿಂಗಳ ಹಿಂದೇನೆ ಬಂದು, ಯಾರಿಗೂ ಹೇಳ್ಬೇಡಿ ಬುದ್ದಿ, ಅಳತೆ ನೋಡ್ಕೊಂಡು ಕೊಡ್ತೀನಿ ಅಂತ ಒಂದು ಜೊತೆ ಒಯ್ದ. ಈಗ ನೋಡಿದ್ರೆ ಸರಿಹೋಗ್ಲಿಲ್ಲ ಅಂತಾನೆ."

ಇಂದ್ರಮ್ಮ ಆ ಜೊತೆಯನ್ನು ತಿರುಗಿಸಿ ನೋಡಿದಳು. ಮಿಕ್ಕವುಗಳ ಅಟ್ಟೆ ಹೊಸದಾಗಿ ಹೊಳೆಯುತ್ತಿತ್ತು. ಇದರ ತಳದಲ್ಲಿ ಎದ್ದ ಗುಬುಟುಗಳು ಸವೆದಿದ್ದವು. ಅವುಗಳ ಸಂದಿಯಲ್ಲಿ ನೆಗ್ಗಿಲ ಮುಳ್ಳು, ಹೊಲದ ಕೆಂಪು ಮಣ್ಣು. ಅಳತೆ ನೋಡಿದ ಬೂಟಲ್ಲ. ಓಡಿದ ಬೂಟು, ಒದ್ದ ಬೂಟು. ಒಳಗೆ ಹಿಮ್ಮಡಿಯ ಕಡೆ ಒಣಗಿದ ರಕ್ತದ ಕಲೆ.

ಎಡಗಾಲಿನ ಆ ಗಾಯ ಈಗ ಹೊಳೆಯಿತು. ಹೊಸ ಬೂಟು ಕಚ್ಚಿದ ಗಾಯ! ಹುಟ್ಟಿದಾಗಿನಿಂದ ಕಾಲಿಗೆ ಎಕ್ಕಡವನ್ನೂ ಮೆಟ್ಟದ ಹುಡುಗನಿಗೆ ಬೂಟು ಕಚ್ಚಿತ್ತು.

"ಮಾವ, ಬೂಟು ಹಾಕ್ಲೇಬೇಕು ಅಂತ ಅವನಿಗೆ ಯಾರು ಹೇಳಿದ್ದು?"

"ಯಾರು ಹೇಳ್ಬೇಕು? ನಾನೇ ಹೇಳಿದೆ. ಬರಿಗಾಲಲ್ಲಿ ಆಡೋರನ್ನ ಕಲ್ಕತ್ತಕ್ಕೆ ಕರ್ಕೊಂಡು ಹೋಗ್ತಾರೇನಮ್ಮ? ಅಲ್ಲಿ ದೊಡ್ಡ ದೊಡ್ಡ ಸಾಹೇಬ್ರು ಬಂದು ಕೂತಿರ್ತಾರೆ. ಮರ್ಯಾದೆ ಬೇಡ್ವಾ?"

ಇಂದ್ರಮ್ಮನಿಗೆ ನಗುವೂ ಬಂತು, ಸಿಟ್ಟೂ ಬಂತು. ಬೂಟಿನ ಜೊತೆಯನ್ನು ಕಂಕುಳಲ್ಲಿ ಇರುಕಿಕೊಂಡಳು. "ನೀವೂ ಬನ್ನಿ ಮಾವ. ದಾರೀಲಿ ದಫೇದಾರನ್ನೂ ಸಿದ್ದನ್ನೂ ಕರ್ಕೊಳ್ಳೋಣ."

*

ಛತ್ರದ ಹಜಾರದಲ್ಲಿ ಎಲ್ಲರೂ ನೆರೆದರು. ಇಂದ್ರಮ್ಮ ಚಿಕ್ಕಹನುಮಯ್ಯನ ಮುಂದೆ ಕೂತು ಮತ್ತೊಂದು ಲೋಟ ಕಾಫಿ ಹಿಡಿದಳು. ಅವನ ಎಡಗೈ ಮೇಲೆದ್ದಿತು.

"ಬಲಗೈ ಎಲ್ಲೋ?"

ಕಂಬಳಿಯೊಳಗೆ ಅಡಗಿದ್ದ ಬಲಗೈಯನ್ನು ಅವಳೇ ಹಿಡಿದು ಈಚೆಗೆ ಎಳೆದಳು. ತೋರುಬೆರಳು, ನಡುಬೆರಳು ಎರಡರ ತುದಿಯಲ್ಲೂ ನೀರುಗುಳ್ಳೆ.

ಸುತ್ತ ನಿಂತವರು ನೋಡಲು ಮುಂದಕ್ಕೆ ಬಾಗಿದರು.

"ಗೇರು ಮುಟ್ಟೋ ಮುಂಚೆ ಅಗಸರು ಕೈಗೆ ಎಣ್ಣೆ ಹಚ್ಕೋತಾರೆ," ಎಂದಳು ಇಂದ್ರಮ್ಮ. "ನಿನಗೆ ಗೊತ್ತಿರ್ಲಿಲ್ಲ. ಈ ಗುಳ್ಳೆ ಮೊನ್ನೆ ಮುಟ್ಟಿದ್ದಕ್ಕೆ ಎದ್ದದ್ದು. ಕಾಲಿನ ಮೇಲಿರೋ ಗೆರೆಗಳಿಗೂ ಈ ಬೆರಳಿಗೂ ಅಳತೆ ಸರಿಹೋಗ್ತದೆ. ಸಿದ್ದನ ಕೈಯಾಗ್ಲಿ, ನಂದೀಶ್ವರಯ್ಯನೋರ ಕೈಯಾಗ್ಲಿ ನೋಡ್ರಿ, ಏನೂ ಇಲ್ಲ."

"ತನ್ನ ಕಾಲು ತಾನೇ ಸುಟ್ಕೊಂಡನಾ?" ದಫೇದಾರನ ಬಾಯಿ ತೆರೆದೇ ಇತ್ತು. "ಯಾಕ್ಲಾ?"

ಇಂದ್ರಮ್ಮ ಬೂಟುಗಳನ್ನು ಚಾಪೆಯ ಮೇಲಿಟ್ಟಳು. ಅವುಗಳನ್ನು ಕಂಡದ್ದೇ ಚಿಕ್ಕಹನುಮಯ್ಯನ ತುಟಿ ಅದುರಿತು. ಆರಡಿ ಆಳು ಮಗುವಿನಂತೆ ಬಿಕ್ಕಿದ.

"ಒಂದು ತಿಂಗ್ಳು ಒದ್ದಾಡ್ದೆ ಅಕ್ಕ. ಹೊಲದಾಗೆ, ಯಾರಿಗೂ ಕಾಣ್ದಂಗೆ. ಅದನ್ನ ಹಾಕ್ಕಂಡ್ರೆ ಚೆಂಡು ಎಲ್ಲದೆ ಅಂತಾನೇ ಕಾಲಿಗೆ ಗೊತ್ತಾಗಾಕಿಲ್ಲ. ಬಿಚ್ಚಾಕಿ ಆಡಾನ ಅಂದ್ರೆ ಬರಿಗಾಲಿನ ಆಟಾನೂ ಕೆಟ್ಟೋಯ್ತು. ಇವತ್ತು ಆಡಿದ್ರೆ ಎಲ್ರೂ ನಗಾಡ್ತಾರೆ. ಕಾಲಿಗೇನೋ ಆಗದೆ ಅಂದ್ರೆ ಹೋದ್ವರ್ಸದ ಆಟ ನೆನೆಸ್ಕಂಡು ಸಾಮೇರು ಹೆಸ್ರು ಬರ್ಕಂಡಾರು ಅಂದ್ಕಂಡೆ. ಮೊನ್ನೆ ಹಚ್ಚಿದೆ. ನಿನ್ನೆ ಸಂಜೆತನ್ಕ ಏನೂ ಏಳ್ಲಿಲ್ಲ. ಸಾಲ್ದು ಅಂತ ಇನ್ನೊಂದಪ ಬಳ್ಕಂಡೆ. ಅಷ್ಟರಾಗೆ ಸಿದ್ದ ಬಂದು ಪಟ್ಟಿ ಕಟ್ಬುಟ್ಟ."

"ಪಟ್ಟಿಗೆ ಕಪ್ಪು ಹತ್ತಿದ್ದು ಹಾಗೆ," ಎಂದಳು ಇಂದ್ರಮ್ಮ. "ಪಟ್ಟಿಯಿಂದ ಕಾಲಿಗೆ ಬರ್ಲಿಲ್ಲ, ಕಾಲಿಂದ ಪಟ್ಟಿಗೆ ಹೋಯ್ತು. ಅದಿರ್ಲಿ, ಸಿದ್ದನ್ನ ಸ್ಟೇಷನ್ನಿಗೆ ಎಳ್ಕೊಂಡು ಹೋಗುವಾಗ ನಿನ್ನ ಬಾಯಿ ಎಲ್ಲಿತ್ತೋ?"

"ಹೇಳಾನ ಅಂತ ಬಾಯಿಗಂಟ ಬಂತು. ಆಚೆಗೆ ಬರ್ಲಿಲ್ಲ ಅಕ್ಕ."

ಮರುಳಸಿದ್ದಯ್ಯ ಹೊರಗೆ ಹೋಗಿ ಜಗಲಿಯ ಮೇಲೆ ಕೂತ.

ಶಂಕರಲಿಂಗಪ್ಪನವರು ಬೂಟೊಂದನ್ನು ಎತ್ತಿ ನೋಡಿ ಕೆಳಗಿಟ್ಟರು. "ಬೂಟು ಹಾಕಬೇಕು ಅಂತ ನಾನು ಹೇಳಿದ್ದೆನೇ?"

ನಂದೀಶ್ವರಯ್ಯ ಶಲ್ಯದಿಂದ ಕುತ್ತಿಗೆ ಒರೆಸಿಕೊಂಡರು.

"ನನ್ನ ತಂಡದಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬರಿಗಾಲಲ್ಲೇ ಆಡ್ತಾರೆ ಸ್ವಾಮಿ! ಹೋದ ವರ್ಷ ಈ ಹುಡುಗನ ಬರಿಗಾಲಿನ ಆಟ ನೋಡಿ ಅವತ್ತೇ ಹೆಸರು ಗುರುತು ಹಾಕ್ಕೊಂಡಿದ್ದೆ. ಒಂದು ಮಾತು ನನ್ನನ್ನ ಕೇಳಿದ್ರೆ ಏನಾಗ್ತಿತ್ತು?" ಅವರು ಚಿಕ್ಕಹನುಮಯ್ಯನ ಕಡೆ ತಿರುಗಿದರು. "ನಿನಗೆ ಇವತ್ತು ಆಟ ಇಲ್ಲ, ಈ ಜಾಗವೂ ಇಲ್ಲ. ಮಾಡಿದ್ದಕ್ಕೆ ಅಷ್ಟಾದರೂ ಆಗಬೇಕು. ಕಾಲು ವಾಸಿಯಾದ ಮೇಲೆ ಬೆಂಗಳೂರಿಗೆ ಬಾ. ಅಲ್ಲಿ ಇನ್ನೊಂದು ಆಯ್ಕೆ ಇದೆ, ಎಲ್ಲ ಜಿಲ್ಲೆಯವರಿಗೂ. ಆಡಿ ತೋರಿಸು, ಆಮೇಲೆ ನೋಡೋಣ."

"ಇವನ ಮೇಲೆ ಯಾವ ಸೆಕ್ಷನ್ ಹಾಕ್ಲಿ ನರ್ಸಮ್ಮ?" ದಫೇದಾರ ನಿಜವಾಗಿಯೂ ಕಂಗಾಲಾಗಿದ್ದ. "ಸುಟ್ಟೋನೂ ಇವನೇ, ಸುಡಿಸ್ಕಂಡೋನೂ ಇವನೇ."

"ಮೊದ್ಲು ನನ್ನ ತಮ್ಮನ್ನ ಬಿಟ್ಟೆ ಅಂತ ಗಟ್ಟಿಯಾಗಿ ಹೇಳಿ. ನಾಲ್ಕು ತಾಲ್ಲೂಕಿನೋರಿಗೂ ಕೇಳ್ಲಿ."

ಮೂಡಲಗಿರಿಯಪ್ಪ ಎದೆಯುಬ್ಬಿಸಿ ಹೇಳಿದ. ಬೀದಿಯ ಕೊನೆಯವರೆಗೂ ಕೇಳಿಸಿತು.

*

ಆಟ ಶುರುವಾದಾಗ ಬೆಟ್ಟದ ನೆರಳು ಮೈದಾನದ ಅರ್ಧಕ್ಕೆ ಬಂದಿತ್ತು. ಮರುಳಸಿದ್ದಯ್ಯನ ಮೇಲೆಯೇ ಇಂದ್ರಮ್ಮನ ಕಣ್ಣು. ಮೊದಲು ಸಿಕ್ಕ ಚೆಂಡನ್ನು ಆಕಾಶಕ್ಕೆ ಒದ್ದ. ಎರಡನೆಯದು ಎದುರಾಳಿಯ ಪಾಲಾಯಿತು. ಜನ ಗೊಣಗಿದರು. ಶಂಕರಲಿಂಗಪ್ಪನವರ ಮುಖದಲ್ಲಿ ಏನೂ ಕಾಣಲಿಲ್ಲ.

ಆಗ ಅಂಚಿನಲ್ಲಿ ನಿಂತಿದ್ದ ಗಾಡಿಯ ಮೇಲಿಂದ ಒಂದು ದನಿ ಸಿಡಿಯಿತು. ಕಾಲಿಗೆ ಬಾಳೆಎಲೆ ಸುತ್ತಿಸಿಕೊಂಡು ಕೂತಿದ್ದ ಚಿಕ್ಕಹನುಮಯ್ಯ.

"ಲೇ ಸಿದ್ದ! ಕತ್ತೆ ಬಡವ! ಎಡಗಡೇಲಿ ಬಯಲು ಬಿದ್ದದೆ, ಕಾಣಾಕಿಲ್ವೇನ್ಲಾ? ಅತ್ಲಾಗೆ ಓಡ್ಲಾ!"

ಮರುಳಸಿದ್ದಯ್ಯ ತಿರುಗಿ ನೋಡಿದ. ಕಣ್ಣು ಕೆಂಪಾಗಿತ್ತು. ಮಾತು ಕೇಳಬಾರದೆಂದು ಮನಸ್ಸಿನಲ್ಲಿತ್ತೇನೋ. ಕಾಲು ಮಾತ್ರ ಎಡಕ್ಕೇ ಓಡಿತು. ಕೊರಟಗೆರೆಯವನೊಬ್ಬ ಚೆಂಡು ತಳ್ಳಿದ. ಮರುಳಸಿದ್ದಯ್ಯ ಒಬ್ಬನನ್ನು ದಾಟಿದ. ಇನ್ನೊಬ್ಬ ಕಾಲು ಚಾಚುವಷ್ಟರಲ್ಲಿ ಬರಿಗಾಲ ಹೆಬ್ಬೆರಳ ಬುಡದಿಂದ ಚೆಂಡನ್ನು ಮೆಲ್ಲಗೆ ಮೂಲೆಗೆ ಸರಿಸಿದ. ಗೋಲು!

ಶಂಕರಲಿಂಗಪ್ಪನವರು ಪಕ್ಕದಲ್ಲಿದ್ದ ನಂದೀಶ್ವರಯ್ಯನವರ ಕಡೆ ಬಾಗಿ, "ಈ ಹುಡುಗನಿಗೆ ಟ್ರಂಕು ಕಟ್ಟಿಕೊಳ್ಳೋಕೆ ಹೇಳಿ," ಎಂದರು.

ಇಂದ್ರಮ್ಮ ಅಲ್ಲೇ ಬಂಡೆಯ ಮೇಲೆ ಕೂತಳು. ಆಗ ಹಸಿವೆಯಾಯಿತು, ಬಾಯಾರಿಕೆಯಾಯಿತು, ಸುಮ್ಮನೆ ನಗು ಬಂತು.

ಆಟ ಮುಗಿದ ಮೇಲೆ ಜನ ಮರುಳಸಿದ್ದಯ್ಯನನ್ನು ಹೆಗಲ ಮೇಲೆ ಹೊತ್ತರು. ಅವನು ಕೊಸರಿಕೊಂಡು ಇಳಿದು, ಬೆವರು ಸುರಿಸುತ್ತ ಗಾಡಿಯ ಹತ್ತಿರ ಹೋದ. ಚಿಕ್ಕಹನುಮಯ್ಯ ಗುಳ್ಳೆಯೆದ್ದ ಬಲಗೈಯನ್ನು ಎಡಗೈಗೆ ಜೋಡಿಸಿ ಮುಗಿದ.

"ತಪ್ಪಾಯ್ತು ಕಣ್ಲಾ ಸಿದ್ದ."

"ಇನ್ನೊಂದು ವಾರ ನಿನ್ನ ಜೊತೆ ಮಾತಿಲ್ಲ," ಎಂದ ಮರುಳಸಿದ್ದಯ್ಯ.

ಹಾಗೆಂದವನು ಗಾಡಿಯ ಮೇಲೆ ಹತ್ತಿ ಅವನ ಪಕ್ಕದಲ್ಲೇ ಕೂತ. ಆ ಗೋಲು ಹೇಗೆ ಹೊಡೆದೆನೆಂದು ಕೈಕಾಲು ಆಡಿಸುತ್ತ ಮೊದಲಿನಿಂದ ಹೇಳತೊಡಗಿದ. ಕತ್ತಲಾದರೂ ಹೇಳಿ ಮುಗಿದಿರಲಿಲ್ಲ.