ಒಣಗದ ಬಣ್ಣ

ಆ ವ್ಯಾನು ನಮ್ಮ ಪಕ್ಕದ ಖಾಲಿ ಸೈಟಿಗೆ ಬಂದು ನಿಂತ ದಿನ ನಾನು ಮಧ್ಯಾಹ್ನದ ಊಟ ಮಾಡಲಿಲ್ಲ. ಅಷ್ಟು ಹೇಸಿಗೆಯಾಗಿತ್ತು.

ಎಂಬತ್ತನಾಲ್ಕನೇ ಇಸವಿ. ಬಸವೇಶ್ವರನಗರದಲ್ಲಿ ಆಗ ಮನೆಗಳಷ್ಟೇ ಖಾಲಿ ಸೈಟುಗಳೂ ಇದ್ದವು. ಪಕ್ಕದ ಸೈಟೂ ಅಪ್ಪನದೇ. ಮಹಡಿ ರೂಮಿನಲ್ಲಿ ಬಾಡಿಗೆಗಿದ್ದ ಮುನಿಕೃಷ್ಣ, "ಸಾರ್, ಒಂದು ಹಳೇ ವ್ಯಾನ್ ತಗೊಂಡಿದೀನಿ, ಪಕ್ಕದಲ್ಲಿ ನಿಲ್ಲಿಸ್ಕೊಳ್ಲಾ?" ಅಂತ ಕೇಳಿದಾಗ ಅಪ್ಪ ಪೇಪರಿನಿಂದ ತಲೆಯೆತ್ತದೆ ಹ್ಞೂಂ ಅಂದುಬಿಟ್ಟಿದ್ದರು.

ಬಂದದ್ದು ಬರೀ ವ್ಯಾನಲ್ಲ, ಚಕ್ರದ ಮೇಲಿನ ಮನೆ. ಒಳಗೆ ಮಂಚ, ಸ್ಟವ್ವು, ಸಿಂಕು, ಕಿಟಕಿಗೆ ಪರದೆ. ಯಾರೋ ಫಾರಿನ್ ದಂಪತಿ ಅದರಲ್ಲೇ ಉಣ್ಣುತ್ತ ಮಲಗುತ್ತ ಇಲ್ಲಿತನಕ ಬಂದು, ಇಂಜಿನ್ ಕೈಕೊಟ್ಟಾಗ ಕುರುಬರಹಳ್ಳಿಯ ಮೆಕ್ಯಾನಿಕ್ ಮುನಿಯಣ್ಣನಿಗೆ ಮಾರಿ ವಿಮಾನ ಹತ್ತಿದ್ದರಂತೆ. ಅವನ ಶೆಡ್ಡಿನ ಹಿಂದೆ ವರ್ಷಗಟ್ಟಲೆ ಕೊಳೆತು ಈಗ ನಮ್ಮ ಪಾಲಿಗೆ ಬಂದಿತ್ತು. ಬಣ್ಣವೆಲ್ಲ ಹಕ್ಕಳೆ ಎದ್ದು ಕಜ್ಜಿ ಹತ್ತಿದ ನಾಯಿಯ ಹಾಗಿತ್ತು. ಮೇಲೆ ಕಾಗೆ ಹಿಕ್ಕೆ. ಬಾಗಿಲು ತೆಗೆದರೆ ಇಲಿ ಉಚ್ಚೆಯ ಘಾಟು ನಮ್ಮ ಅಡುಗೆಮನೆಯ ತನಕ ಬರುತ್ತಿತ್ತು.

"ಏನ್ರೀ ಇದು?" ಅಂತ ಕಾಂಪೌಂಡಿನಾಚೆಯಿಂದ ಕೇಳಿದೆ.

"ನನ್ನ ಲಾಡ್ಜು," ಅಂದ. ಅವನು ಔಷಧ ಕಂಪನಿಯ ರೆಪ್ರೆಸೆಂಟೆಟಿವ್. ತಿಂಗಳಲ್ಲಿ ಅರ್ಧ ಊರೂರು ಸುತ್ತುವ ಕೆಲಸ. "ಹೊಸಪೇಟೆ ಕಡೆ ಲಾಡ್ಜ್ ಹಾಸಿಗೆ ನೋಡಿದೀರಾ ದಾಕ್ಷಾಯಣಿಯವರೇ? ಬರೀ ತಿಗಣೆ."

"ತಿಗಣೆ ಬೇಡ ಅಂತ ಇಲಿ ಸಾಕ್ತಿದೀರಾ?"

ಅವನು ನಕ್ಕ. ನಗುವಾಗ ಎಡಗಣ್ಣು ಮಾತ್ರ ಸಣ್ಣದಾಗುತ್ತಿತ್ತು. ಅದನ್ನು ಅಷ್ಟು ಸರಿಯಾಗಿ ಯಾಕೆ ಗಮನಿಸಿದೆ ಅಂತ ನನ್ನ ಮೇಲೇ ಸಿಟ್ಟು ಬಂತು.

ನನಗೆ ಹೇಸಿಗೆ ಬೇಗ. ಇನ್ನೊಬ್ಬರ ಎಂಜಲೆಂದರೆ ಮೈಯೆಲ್ಲ ಮುಳ್ಳು. ಅಮ್ಮನ ಲೋಟಕ್ಕೂ ಬಾಯಿ ಇಟ್ಟವಳಲ್ಲ. ಕಾಫಿ ಎಷ್ಟೇ ಸುಡುತ್ತಿರಲಿ, ಎತ್ತಿಯೇ ಬಾಯಿಗೆ ಹುಯ್ದುಕೊಳ್ಳುವುದು. ನೋಡಲು ಬಂದ ಗಂಡುಗಳನ್ನೂ ಹಾಗೇ ಬೇಡವೆಂದೆ. ಹರಿಹರದವನು ಬೆರಳು ನೆಕ್ಕಿ ಪೇಪರು ತಿರುವಿದ. ಗದಗಿನವನು ಬೋಂಡಾ ಹಿಡಿದ ಕೈಯನ್ನು ನಮ್ಮ ಸೋಫಾಕ್ಕೆ ಒರೆಸಿದ. ಥೂ.

ವಿಜಯದಶಮಿಗೆ ರಾಣೆಬೆನ್ನೂರಿನಿಂದ ಇನ್ನೊಬ್ಬ ಬರುವವನಿದ್ದ.

"ಈ ಸಲ ನಿನ್ನ ಮೂಗು ಮುರಿಯೋದು ನಡೆಯಂಗಿಲ್ಲ," ಅಂದರು ಅಪ್ಪ. "ಹುಡುಗನಾಗ ಹೇಸೋ ಅಂಥದ್ದು ಏನೂ ಇಲ್ಲ ಅಂದ್ರೆ ಅವತ್ತೇ ತಾಂಬೂಲ."

ನಾನು ಹೂಂ ಅಂದೆ. ಏನಾದರೊಂದು ಸಿಕ್ಕೇ ಸಿಗುತ್ತದೆ ಅನ್ನುವ ಧೈರ್ಯ.

ಇತ್ತ ಮುನಿಕೃಷ್ಣ ಟೂರಿಲ್ಲದ ದಿನವೆಲ್ಲ ಲುಂಗಿ ಎತ್ತಿ ಕಟ್ಟಿ ವ್ಯಾನಿನ ಮೈ ಕೆರೆಯುತ್ತಿದ್ದ. ಪೇಂಟರಿಗೆ ಕೊಡಿ ಅಂದರೆ, "ನಾನು ಮಲಗೋ ಮನೆ, ನಾನೇ ಬಳೀತೀನಿ," ಅನ್ನುತ್ತಿದ್ದ. ಬಳಿಯಲು ಬರುತ್ತಿರಲಿಲ್ಲ ಅನ್ನುವುದು ಬೇರೆ ಮಾತು. ತುಕ್ಕಿನ ಮೇಲೇ ರೆಡ್ ಆಕ್ಸೈಡಿನ ಅಡಿಬಣ್ಣ ಮೆತ್ತಿದ. ಅದು ಸಿಂಬಳದ ಹಾಗೆ ಇಳಿದು ಗಟ್ಟಿಯಾಯಿತು. ಅದನ್ನು ಕಿಟಕಿಯಿಂದ ನೋಡುತ್ತ ಸಾರಿಗೆ ಒಗ್ಗರಣೆ ಹಾಕುವುದು ನನ್ನಿಂದಾಗಲಿಲ್ಲ. ಸೆರಗನ್ನು ಮೂಗಿಗೆ ಹಿಡಿದು ಹೋದೆ.

"ಕೊಡಿ ಇಲ್ಲಿ. ನೋಡೋಕಾಗ್ತಿಲ್ಲ."

"ಏನನ್ನ? ಬಣ್ಣಾನಾ, ನನ್ನನ್ನಾ?"

"ಎರಡನ್ನೂ."

ಎಮರಿ ಪೇಪರ್ ಕಿತ್ತುಕೊಂಡು ಉಜ್ಜತೊಡಗಿದೆ. ಕೊಳೆ ಕಂಡರೆ ಬಿಡಲಾರದ ಜಾತಿ ನಾನು. ಆಮೇಲೆ ದಿನವೂ ಹೋದೆ, ದಿನವೂ ಬೈದೆ. ಸಿಂಕಿನಲ್ಲಿ ಹಸಿರು ಲೋಳೆ, ಕಪಾಟಿನಲ್ಲಿ ಜಿರಳೆ ಮೊಟ್ಟೆ. ನಾನು ಒಂದೊಂದಕ್ಕೂ ಮುಖ ಸಿಂಡರಿಸುತ್ತಿದ್ದರೆ ಅವನು ಕೆಲಸ ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದ.

"ಏನು ನೋಡ್ತೀರಾ?"

"ಅಸಹ್ಯ ಪಟ್ಕೊಂಡಾಗ ನಿಮ್ಮ ಮೂಗಿನ ತುದಿ ಕೆಂಪಗಾಗುತ್ತೆ."

"ತುಕ್ಕಿನ ಪುಡಿ ಅದು."

"ಇರಬಹುದು," ಅಂದ, ನಂಬದೆ.

ಮಂಚದ ಹಾಸಿಗೆ ಎತ್ತಿದ ದಿನ ಸ್ಪಂಜಿನೊಳಗೆ ಕಣ್ಣು ಬಿಡದ ಇಲಿಮರಿಗಳು ಮಿಜಿಮಿಜಿ ಅನ್ನುತ್ತಿದ್ದವು. ನಾನು ಇಳಿದೋಡಿ ಕಾಂಪೌಂಡಿನ ಬುಡದಲ್ಲಿ ವಾಂತಿ ಮಾಡಿಕೊಂಡೆ. ಅವನು ಚೊಂಬು ತಂದು ಕೈಗೆ ನೀರು ಹುಯ್ದ, ಮುಖ ಮಾತ್ರ ಆಚೆ ತಿರುಗಿಸಿಕೊಂಡು. ಆಮೇಲೆ ಅದರ ಮೇಲೆ ತಾನೇ ಮಣ್ಣು ಎಳೆದ.

ನಾಚಿಕೆಯಿಂದ ಸಾಯುವ ಹಾಗಾಯಿತು. "ನಿಮಗೆ ಅಸಹ್ಯ ಆಗ್ಲಿಲ್ವಾ?"

"ಇಲ್ಲ."

"ಯಾಕೆ?"

"ಗೊತ್ತಿಲ್ಲ ಕಣ್ರೀ. ಬೇರೆ ಯಾರಾದ್ರೂ ಆಗಿದ್ರೆ ಓಡಿ ಹೋಗ್ತಿದ್ದೆ."

ಅಷ್ಟು ಹೇಳಿ ಅವನು ಪೇಂಟ್ ಡಬ್ಬ ಕಲಕುತ್ತ ನಿಂತ. ಮುಚ್ಚಳವನ್ನೇ ತೆಗೆದಿರಲಿಲ್ಲ.

ದಸರೆ ಹತ್ತಿರವಾಯಿತು. ಕಡು ನೀಲಿ ಬಳಿಯುವುದೆಂದಾಯಿತು. ಬಣ್ಣ ತೆಳು ಮಾಡಲು ಟರ್ಪೆಂಟೈನ್ ಬೇಕು, ಅಂಗಡಿ ಮುಚ್ಚಿತ್ತು. ತಡೆಯಲಾರದೆ ನಾನು ನಮ್ಮ ಸ್ಟವ್ವಿನ ಸೀಮೆಎಣ್ಣೆ ಡಬ್ಬ ತಂದೆ. "ಎಲ್ಲಾ ಒಂದೇ, ಹುಯ್ರಿ." ಅವನು ಹುಯ್ದ. ನಾನು ವಿಷ ಕೊಟ್ಟಿದ್ದರೂ ಆ ಹೊತ್ತಿನಲ್ಲಿ ಹುಯ್ಯುತ್ತಿದ್ದನೇನೋ. ಬಣ್ಣ ಏರಿದ ಮೇಲೆ ವ್ಯಾನು ಎಷ್ಟು ಚೆಂದ ಕಂಡಿತೆಂದರೆ ನನಗೆ ಬೈಯುವುದೇ ಮರೆತುಹೋಯಿತು. ಒಣಗಿದರೆ ಅವನು ಅದರಲ್ಲಿ ಹೊರಟುಹೋಗುತ್ತಾನೆ ಅನ್ನುವುದು ನನಗೆ ಆಗ ಹೊಳೆಯಿತು.

ಬಣ್ಣ ಒಣಗಲಿಲ್ಲ. ಮುಟ್ಟಿದರೆ ಬೆಲ್ಲದ ಪಾಕದಂತೆ ಅಂಟುತ್ತಿತ್ತು. ನೊಣ, ಧೂಳು ಎಲ್ಲ ಮೆತ್ತಿಕೊಂಡವು. ಛೀ, ಅದರ ಚೆಂದವೇ ಹೋಯಿತು. ಸೀಮೆಎಣ್ಣೆ ಹುಯ್ಯಿಸಿದ ತಪ್ಪು ನನ್ನದೇ, ಬೈಯಲೂ ಬಾಯಿಲ್ಲ.

ಆಯುಧಪೂಜೆಯ ದಿನ ಅಮ್ಮ ಅಪ್ಪನ ಸ್ಕೂಟರಿಗೆ ಪೂಜೆ ಮುಗಿಸಿ ವ್ಯಾನಿನ ಕಡೆ ನೋಡಿದರು. "ನಮ್ಮ ಜಾಗದಾಗ ನಿಂತೈತಿ, ಅದಕ್ಕೂ ಆಗಲಿ. ವಿಭೂತಿ ನೀನೇ ಹಚ್ಚವಾ."

ನಾನು ಮೂರು ಬೆರಳಿಗೆ ವಿಭೂತಿ ತೊಡೆದು ವ್ಯಾನಿನ ಹಣೆಗೆ ಎಳೆದೆ. ಬೆರಳು ಬಣ್ಣದೊಳಗೇ ಇಳಿದು, ನೀಲಿಯನ್ನು ಉತ್ತುಕೊಂಡು ಹೋಗಿ, ಅರ್ಧದಲ್ಲಿ ಅಂಟಿ ನಿಂತಿತು. ಕಿತ್ತುಕೊಂಡರೆ ಅಂಗೈಯೆಲ್ಲ ನೀಲಿ ಅಂಟು.

"ತೋರಿಸಿ," ಅಂದ ಮುನಿಕೃಷ್ಣ. ಎಲ್ಲರೆದುರಿಗೇ ನನ್ನ ಕೈ ಹಿಡಿದು ಸೀಮೆಎಣ್ಣೆಯ ಬಟ್ಟೆಯಿಂದ ಒಂದೊಂದೇ ಬೆರಳು ಒರೆಸಿದ. ಆ ಬಟ್ಟೆ ಅವನ ಹಳೇ ಬನಿಯನ್ನು. ಹೊಟ್ಟೆ ತೊಳಸಬೇಕಿತ್ತು. ತೊಳಸಲಿಲ್ಲ. ಇನ್ನೂ ಒಂದು ಬೆರಳು ಉಳಿದಿರಲಿ ಅನ್ನಿಸಿತು.

ಮರುದಿನ ರಾಣೆಬೆನ್ನೂರಿನವರು ಬಂದರು. ಹುಡುಗನನ್ನು ಕಣ್ಣಿಟ್ಟು ನೋಡಿದೆ. ಉಗುರು ಸ್ವಚ್ಛ, ಕಾಲರ್ ಸ್ವಚ್ಛ. ಉಪ್ಪಿಟ್ಟನ್ನು ಸದ್ದಿಲ್ಲದೆ ತಿಂದ, ನೀರನ್ನು ನನ್ನ ಹಾಗೇ ಎತ್ತಿ ಕುಡಿದ. ಹೇಸಲು ಒಂದೂ ಸಿಗಲಿಲ್ಲ. ನನಗೆ ಭಯವಾಯಿತು.

ಅಪ್ಪ ಅಡುಗೆಮನೆಗೆ ಬಂದರು. "ಹೇಳು. ಏನೈತಿ ಅವನಾಗ?"

"ಏನೂ ಇಲ್ಲಪ್ಪ. ತುಂಬಾ ಒಳ್ಳೆಯವರು. ಆದ್ರೂ ಬೇಡ."

"ಮತ್ತ್ಯಾರು ಬೇಕು ನಿನಗ?"

ಮುನಿಕೃಷ್ಣ ನಮ್ಮವರ ಪೈಕಿಯಲ್ಲ, ಕೆಂಗೇರಿ ಕಡೆಯ ಬೇರೆ ಜನ. ಹೇಗೆ ಹೇಳಲಿ? ಹಿಂದಿನ ಬಾಗಿಲಿನಿಂದ ಸೈಟಿಗೆ ನಡೆದುಬಿಟ್ಟೆ.

ಅವನು ಅಂಟು ಬಣ್ಣವನ್ನೆಲ್ಲ ಕೆರೆದು ಕೆಡವುತ್ತಿದ್ದ. ಮೈತುಂಬ ನೀಲಿ ಜಿಗುಟು, ನೋಡಿದರೆ ವಾಕರಿಕೆ ಬರುವಂತಿದ್ದ. ವ್ಯಾನಿನ ಹಣೆಯ ಮೇಲಿನ ನನ್ನ ಬೆರಳಿನ ಮೂರು ಗೆರೆ ಮಾತ್ರ ಹಾಗೇ ಇದ್ದವು.

"ಅದನ್ನ ಯಾಕೆ ಬಿಟ್ರಿ?"

"ಕೆರೆಯೋಕಾಗಲ್ಲ."

"ಒಣಗಿಲ್ಲ ರೀ, ಸುಲಭವಾಗಿ ಬರುತ್ತೆ."

"ಬರುತ್ತೆ. ನನಗಾಗಲ್ಲ." ತಲೆ ತಗ್ಗಿಸಿದ. "ಹುಡುಗ ಒಳ್ಳೆಯವನು ಅಂದ್ರು ನಿಮ್ಮಮ್ಮ. ಒಪ್ಕೊಂಡ್ರಾ?"

ವ್ಯಾನಿನ ಮೆಟ್ಟಿಲ ಮೇಲೆ ಅವನು ಅರ್ಧ ಕುಡಿದಿಟ್ಟ ಟೀ ಲೋಟವಿತ್ತು. ಅಂಚಿನಲ್ಲಿ ಅವನ ತುಟಿಯ ಗುರುತು, ಮೇಲೆ ಕೆನೆ. ಎತ್ತಿಕೊಂಡೆ. ಆ ಗುರುತಿನ ಮೇಲೇ ಬಾಯಿಟ್ಟು ಕುಡಿದೆ.

ಅವನ ಕೈಯಿಂದ ಕೆರೆಯುವ ತಗಡು ಜಾರಿ ಬಿತ್ತು.

ಅಡುಗೆಮನೆ ಬಾಗಿಲಲ್ಲಿ ಅಪ್ಪ, ಅಮ್ಮ ಇಬ್ಬರೂ ನಿಂತಿದ್ದರು. "ನನ್ನ ಲೋಟಕ್ಕೂ ಬಾಯಿ ಇಟ್ಟಾಕಿ ಅಲ್ಲ," ಅಂದರು ಅಮ್ಮ, ಮೆಲ್ಲಗೆ. ಅಪ್ಪ ನನ್ನ ಕೈಯ ಲೋಟವನ್ನೂ ಅವನನ್ನೂ ನೋಡಿದರು. ಆಮೇಲೆ ಒಳಗೆ ಹೋದರು. ಹಾಲಿನಲ್ಲಿ ರಾಣೆಬೆನ್ನೂರಿನವರ ಹತ್ತಿರ ತಪ್ಪಾಯಿತು ಅಂತ ಹೇಳುವ ಅವರ ದನಿ ಕೇಳಿಸಿತು.

ಟೀ ಆರಿಹೋಗಿತ್ತು. ಸಕ್ಕರೆ ಕಡಿಮೆ, ಸೀಮೆಎಣ್ಣೆ ವಾಸನೆ ಬೇರೆ. ಅಷ್ಟು ಕೆಟ್ಟ ಟೀಯನ್ನು ನಾನು ಆಮೇಲೆ ಯಾವತ್ತೂ ಕುಡಿದಿಲ್ಲ. ಒಂದು ತೊಟ್ಟೂ ಬಿಡದೆ ಕುಡಿದು, ಖಾಲಿ ಲೋಟ ಅವನ ಕೈಗೆ ಕೊಟ್ಟೆ.