ಹದಿಮೂರನೇ ಮನೆ

ತಮಿಳರ ತೈ ತಿಂಗಳ ಅಮಾವಾಸ್ಯೆ, ಭಾನುವಾರ, ಮಧ್ಯಾಹ್ನ ಮೂರು ಗಂಟೆ. ಸೇಲಂನ ಆ ಕನ್ನಡ ನೇಕಾರರ ಬೀದಿಯಲ್ಲಿ ಒಂದು ಮಗ್ಗವೂ ಸದ್ದು ಮಾಡುತ್ತಿರಲಿಲ್ಲ. ಅಮಾವಾಸ್ಯೆ ದಿನ ನೇಯುವವರು ಮಗ್ಗಕ್ಕೆ ಇಳಿಯುವುದಿಲ್ಲ. ತಲೆತಲಾಂತರದಿಂದ ಅದೇ ಅವರ ರಜ.

ಎದುರುಮನೆ ಸಿದ್ದಲಕ್ಷ್ಮಮ್ಮ ಮೊಮ್ಮಗಳು ರೋಜಾಳ ಹೆಗಲು ಹಿಡಿದುಕೊಂಡು ಜಗಲಿ ಹತ್ತಿ ಬಂದರು. ಜಗಲಿಯಲ್ಲಿ ಭುವನಾ ಕೂತಿದ್ದಳು. ಅವಳ ಮುಂದೆ ಬಲಗೈ ಚಾಚಿದರು.

“ಈ ಭುಜ ಮ್ಯಾಕೇ ಏಳಲ್ಲ ಕಣವ್ವ. ನೀನು ಚೆನ್ನೈನಾಗೆ ನರ್ಸ್‌ಗೆ ಓದ್ತಾ ಇದ್ದೀಯಂತಲ್ಲ, ವಸಿ ನೋಡು.”

ಬಾಗಿಲಲ್ಲಿ ನಿಂತು ವಡೆ ತಿನ್ನುತ್ತಿದ್ದ ಶಿವಲಕ್ಷ್ಮಿ ಒಂದು ಹೆಜ್ಜೆ ಒಳಗೆ ಸರಿದಳು.

ಭುವನಾ ಅವಳ ಅಕ್ಕ. ಅಕ್ಕ ಯೂನಿವರ್ಸಿಟಿಯಲ್ಲಿ ಓದುತ್ತಿದ್ದದ್ದು ನರ್ಸಿಂಗ್ ಅಲ್ಲ. ಜನ ಏನೇನು ಆಟ ಆಡುತ್ತಾರೆ, ಬಿಡುವಿನ ಹೊತ್ತನ್ನು ಹೇಗೆ ಕಳೆಯುತ್ತಾರೆ, ಅದನ್ನು. ಐದನೇ ಕ್ಲಾಸು ಶುರುವಾದ ಹೊಸತರಲ್ಲಿ ಟೀಚರ್ ಕೇಳಿದಾಗ ಶಿವಲಕ್ಷ್ಮಿ ಎದ್ದು ನಿಂತು ಹಾಗೇ ಹೇಳಿದ್ದಳು. ಹಿಂದಿನ ಬೆಂಚಿನ ನಾಗರಾಜನ್ ಬಿಡಲಿಲ್ಲ.

“ಪರೀಕ್ಷೇಲಿ ಕಣ್ಣಾಮುಚ್ಚಾಲೆ ಆಡಿಸ್ತಾರಾ? ಸಿಕ್ಕಿಬಿದ್ರೆ ಫೇಲಾ?”

ಕ್ಲಾಸೇ ನಕ್ಕಿತು. ಟೀಚರ್ ಕೂಡ ಬಾಯಿಗೆ ಪುಸ್ತಕ ಅಡ್ಡ ಹಿಡಿದರು.

ಮನೆಯಲ್ಲಿ ಅಪ್ಪ ಶಂಕರ್ ಕೂಡ ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಯಾರಾದರೂ ಮಗಳ ಓದು ಕೇಳಿದರೆ, ಏನೋ ಡಿಗ್ರಿ ಅಂದು, ಕೈಯಲ್ಲೇ ಇರುವ ಲಾಳಿಯನ್ನು ಹುಡುಕುವವರಂತೆ ತಲೆ ತಗ್ಗಿಸುತ್ತಿದ್ದರು. ಅದಕ್ಕೇ ಪಕ್ಕದ ಸೆಕ್ಷನ್ನಿನ ರೋಜಾ ಒಂದು ದಿನ ಕೇಳಿದಾಗ, ಅಕ್ಕ ಅದನ್ನು ಬಿಟ್ಟು ನರ್ಸಿಂಗ್ ಸೇರಿಕೊಂಡಳು ಅಂತ ಶಿವಲಕ್ಷ್ಮಿ ಅಂದುಬಿಟ್ಟಿದ್ದಳು.

ಈಗ ಭುವನಾ ತಂಗಿಯ ಕಡೆ ನೋಡಿದಳು. ಒಂದೇ ಸಲ. ಆಮೇಲೆ ಅಜ್ಜಿಯ ಕೈಯನ್ನು ಮೆಲ್ಲಗೆ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

“ನಾನು ನರ್ಸ್ ಅಲ್ಲ ಅಜ್ಜಿ. ಭುಜಾನ ಡಾಕ್ಟರ್‌ಗೇ ತೋರಿಸ್ಬೇಕು, ನಾಳೆ ನಮ್ಮಮ್ಮ ಕರ್ಕೊಂಡು ಹೋಗ್ತಾಳೆ. ನಾನು ಓದೋದು ಆಟದ ವಿಷಯ.”

ರೋಜಾ ಶಿವಲಕ್ಷ್ಮಿಯನ್ನು ಮೇಲಿಂದ ಕೆಳಗೆ ನೋಡಿದಳು. ನಾಳೆ ಸ್ಕೂಲಲ್ಲಿ ಬಾಯಿ ಬಿಡುತ್ತಾಳೆ ಅಂತ ಶಿವಲಕ್ಷ್ಮಿಗೆ ಗೊತ್ತಾಯಿತು. ಆಟ ಓದುವ ಅಕ್ಕ, ಸುಳ್ಳು ಹೇಳುವ ತಂಗಿ. ನಾಗರಾಜನ್‌ಗೆ ಒಂದು ತಿಂಗಳ ಗೇಲಿಗೆ ಸಾಕಾಗುವಷ್ಟು ಸಿಕ್ಕಿತು.

“ಆಟಕ್ಕೂ ಓದ್ಬೇಕಾ?” ಅಂದರು ಅಜ್ಜಿ. “ನಮ್ಮ ಕಾಲ್ದಾಗೆ ಅದ್ನ ಬಿಡ್ಸಕ್ಕೇ ಕೋಲು ತಕ್ಕೋತಿದ್ರು.”

ಎಲ್ಲರಿಗಿಂತ ಜೋರಾಗಿ ನಕ್ಕವಳು ಭುವನಾನೇ. ಪಕ್ಕದಲ್ಲಿದ್ದ ಪೇಪರುಗಳನ್ನು ಎತ್ತಿ ತೋರಿಸಿದಳು. ಕಾಲೇಜಲ್ಲಿ ಕೊಟ್ಟ ಕೆಲಸ ಅದು. ರಜದ ದಿನ ಏನು ಮಾಡುತ್ತೀರಿ ಅಂತ ಬೀದಿಯ ಹನ್ನೆರಡು ಮನೆಯಲ್ಲಿ ಕೇಳಿದ್ದಳು. ಹನ್ನೊಂದು ಮನೆಯವರು ಏನೂ ಇಲ್ಲ ಅಂದಿದ್ದರು. ಒಬ್ಬರು ಮಾತ್ರ ಮಗ್ಗದ ಹಗ್ಗ ಬಿಗಿಯುತ್ತೇನೆ ಅಂದಿದ್ದರು.

“ನಿಮ್ಮ ಮಗಾನೂ ಏನೂ ಇಲ್ಲ ಅಂದ್ರು ಅಜ್ಜಿ. ನಿಮ್ಮನ್ನ ನಾನು ಕೇಳ್ಲೇ ಇಲ್ಲ. ಚಿಕ್ಕೋರಿದ್ದಾಗ ಏನು ಆಡ್ತಿದ್ರಿ?”

ಎದ್ದು ಹೊರಟಿದ್ದ ಅಜ್ಜಿ ಮತ್ತೆ ಕೂತರು. ಮೆಟ್ಟೂರು ಕಡೆಯ ಊರು ಅವರದು. ಹೊಳೆಯ ಕಲ್ಲು ಆರಿಸಿ ಐದು ಕಲ್ಲಾಟ ಆಡುತ್ತಿದ್ದರಂತೆ. ಊರಲ್ಲಿ ಅವರನ್ನು ಸೋಲಿಸುವವರೇ ಇರಲಿಲ್ಲವಂತೆ. ಕೊನೆಗೆ ಆಡಿದ್ದು ಯಾವಾಗ ಅಂತ ಭುವನಾ ಕೇಳಿದಳು.

“ಲಗ್ನ ಆಗಿ ಇಲ್ಲಿಗೆ ಬಂದ ಮೂರನೇ ದಿನ ರಾಟೆ ಮುಂದೆ ಕೂರಿಸಿದ್ರು. ನೂಲು ಸುತ್ತೋ ಕೈ ಅಲ್ವಾ, ಆಮೇಲೆ ಖಾಲಿ ಆಗ್ಲೇ ಇಲ್ಲ.”

ಭುವನಾ ಹೇಳುವ ಮೊದಲೇ ಶಿವಲಕ್ಷ್ಮಿ ಓಡಿಹೋಗಿ ಐದು ಕಲ್ಲು ತಂದಳು. ಅಜ್ಜಿ ಅದರಲ್ಲಿ ಎರಡನ್ನು ಬೀದಿಗೆ ಎಸೆದು, ಉರುಟಾದ್ದು ಬೇಕು ಅಂತ ಬೇರೆ ತರಿಸಿದರು. ಬಲಗೈ ಏಳಲಿಲ್ಲ. ಎಡಗೈಯಲ್ಲಿ ಎಸೆದರು. ಬಿತ್ತು. ಮತ್ತೆ ಎಸೆದರು. ಮತ್ತೆ ಬಿತ್ತು. ನಾಲ್ಕನೇ ಸಲ ಕಲ್ಲು ಬಂದು ಅಂಗೈಯಲ್ಲಿ ಕೂತಿತು. ಮುಖ ಊದಿಸಿಕೊಂಡಿದ್ದ ರೋಜಾ, ನಂಗೂ ಹೇಳಿಕೊಡಿ ಅಂತ ಅಜ್ಜಿಯ ಪಕ್ಕ ಕೂತೇಬಿಟ್ಟಳು.

ಅಜ್ಜಿಗೆ ನೀರು ತರಲು ಶಿವಲಕ್ಷ್ಮಿ ಒಳಗೆ ಹೋದಳು. ಅಪ್ಪ ಮಗ್ಗದ ಗುಂಡಿಯ ಅಂಚಿನಲ್ಲಿ, ಕಾಲು ಇಳಿಬಿಟ್ಟುಕೊಂಡು ಕೂತಿದ್ದರು. ಕೈ ಖಾಲಿ. ಆದರೆ ಗುಂಡಿಯೊಳಗೆ ಕಾಲುಗಳು ಒಂದಾದ ಮೇಲೆ ಒಂದು ಮೇಲೆ ಕೆಳಗೆ ಆಡುತ್ತಿದ್ದವು. ತುಳಿಯುವ ಹಲಗೆ ಕಾಲಿನ ಕೆಳಗೆ ಇರಲಿಲ್ಲ. ಬರೀ ಗಾಳಿಯನ್ನು ತುಳಿಯುತ್ತಿದ್ದರು.

“ಅಪ್ಪ, ಇವತ್ತು ರಜ ಅಲ್ವಾ?”

“ಊಂ. ಅದ್ಕೇ ಸುಮ್ನೆ ಕೂತಿವ್ನಿ.”

“ಮತ್ತೆ ಕಾಲು?”

ಅಪ್ಪ ಬಗ್ಗಿ ನೋಡಿದರು. ಕಾಲು ನಿಂತಿತು. ಅದು ಬೇರೆ ಯಾರದೋ ಕಾಲು ಅನ್ನುವ ಹಾಗೆ ಅವರು ಸುಮಾರು ಹೊತ್ತು ನೋಡುತ್ತಲೇ ಇದ್ದರು. ಜಗಲಿಯಿಂದ ಅಜ್ಜಿಯ ನಗು ಕೇಳಿಸಿತು. ಅಪ್ಪ ಗುಂಡಿಯಿಂದ ಕಾಲು ಎಳೆದುಕೊಂಡು, ಎದ್ದು, ಹೊರಗೆ ಹೋಗಿ ಭುವನಾಳ ಪಕ್ಕದಲ್ಲಿ ಕೂತರು.

“ನಂಗೂ ಒಂದಾಟ ಬಿಡವ್ವ,” ಅಂದರು.

ದೀಪ ಹಚ್ಚುವ ಹೊತ್ತಿಗೆ ಶಿವಲಕ್ಷ್ಮಿ ಅಕ್ಕನ ಹತ್ತಿರ ಹೋಗಿ ನಿಂತಳು.

“ನಂಗೆ ಬೈಯಲ್ವಾ?”

“ಫಸ್ಟ್ ಇಯರ್‌ನಲ್ಲಿ ಬಸ್ಸಲ್ಲಿ ಪಕ್ಕದ ಸೀಟಿನೋರು ಕೇಳಿದ್ರೆ ನಾನು ಬಿ.ಕಾಂ ಅಂತಿದ್ದೆ,” ಅಂದಳು ಭುವನಾ. ಪೇಪರು ಮುಂದೆ ಹಿಡಿದಳು. “ಹದಿಮೂರನೇ ಮನೆ ನಮ್ದು. ನೀನೇ ಬರಿ.”

ಶಿವಲಕ್ಷ್ಮಿಗೆ ಕನ್ನಡ ಮಾತಾಡಲು ಮಾತ್ರ ಬರುತ್ತಿತ್ತು. ಸ್ಕೂಲಲ್ಲಿ ಕಲಿತ ತಮಿಳಿನಲ್ಲೇ, ಅಳಿಸಿ ಅಳಿಸಿ ಬರೆದು, ಪೇಪರನ್ನು ಬ್ಯಾಗಿನಲ್ಲಿ ಇಟ್ಟುಕೊಂಡಳು.

ಸೋಮವಾರ ರೋಜಾ ಯಾರಿಗೂ ಏನೂ ಹೇಳಲಿಲ್ಲ. ಜೇಬಿನಲ್ಲಿ ಐದು ಕಲ್ಲು ಗಲಗಲ ಅನ್ನಿಸಿಕೊಂಡು ಸುಮ್ಮನೆ ಹೋದಳು. ಶಿವಲಕ್ಷ್ಮಿ ಹಾಗೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಇಂಟರ್‌ವಲ್‌ನಲ್ಲಿ ನಾಗರಾಜನ್ ಬಂದ. ರೋಜಾಗೆ ಹೇಳಿದ್ದ ಸುಳ್ಳು ಮೊದಲೇ ಅವನ ಕಿವಿಗೂ ಬಿದ್ದಿತ್ತು. ನಿಮ್ಮಕ್ಕ ಈಗ ನರ್ಸಂತೆ, ಕೈಗೆ ಊಸಿ ಚುಚ್ಚುತ್ತಾಳಂತೆ ಅಂದ.

“ಇಲ್ಲ. ಅದು ಸುಳ್ಳು, ನಾನೇ ಹೇಳಿದ್ದು. ಅಕ್ಕ ಆಟಾನೇ ಓದೋದು.”

ಅವನು ನಗುವುದಕ್ಕೆ ಬಾಯಿ ತೆರೆದ.

“ರಜದ ದಿನ ನಿಮ್ಮಪ್ಪ ಏನು ಮಾಡ್ತಾರೆ?” ಅಂತ ಕೇಳಿದಳು.

ನಾಗರಾಜನ್‌ನ ಅಪ್ಪ ಬೆಳ್ಳಿ ಕಾಲ್ಗೆಜ್ಜೆ ಮಾಡುವವರು. ಅವನು ಯೋಚಿಸಿದ. ತೆರೆದ ಬಾಯಿ ಮುಚ್ಚಿತು. ಗೊತ್ತಿಲ್ಲ, ಕೇಳಿ ಹೇಳ್ತೀನಿ ಅಂದ. ಬೆಲ್ ಆದ ಮೇಲೂ ಅವನ ಮುಖದಲ್ಲಿ ಆ ಯೋಚನೆ ಹಾಗೇ ಇತ್ತು.

ಸಂಜೆ ಭುವನಾ ಚೆನ್ನೈಗೆ ಹೊರಟಳು. ಸೇಲಂ ಜಂಕ್ಷನ್ನಿನಲ್ಲಿ ರೈಲಿನ ಕಿಟಕಿಯೊಳಗೆ ಶಿವಲಕ್ಷ್ಮಿ ಪೇಪರು ಕೊಟ್ಟಳು. ಅಪ್ಪ ಸ್ವಲ್ಪ ದೂರದಲ್ಲಿ ಯಾರೋ ಪರಿಚಯದವರ ಜೊತೆ ನಿಂತಿದ್ದರು. ದೊಡ್ಡ ಮಗಳು ಯೂನಿವರ್ಸಿಟಿಯಲ್ಲಿ ಆಟದ ವಿಷಯ ಓದುತ್ತಾಳೆ ಅಂತ, ತಲೆ ಎತ್ತಿಕೊಂಡೇ ಹೇಳುತ್ತಿದ್ದರು.

ಭುವನಾ ಓದಿದಳು. ಹದಿಮೂರನೇ ಮನೆ: ಅಪ್ಪ ಸುಮ್ಮನೆ ಕೂರುತ್ತಾರೆ, ಕಾಲು ಸುಮ್ಮನೆ ಕೂರಲ್ಲ. ಅದರ ಕೆಳಗೆ ಇನ್ನೊಂದು ಸಾಲು ಇತ್ತು. ಹದಿನಾಲ್ಕನೇ ಮನೆ, ನಾಗರಾಜನ್: ಗೊತ್ತಿಲ್ಲ, ಕೇಳಿ ಹೇಳ್ತಾನೆ.

ಅಕ್ಕ ಪೇಪರನ್ನು ನಾಲ್ಕು ಮಡಿಕೆ ಮಾಡಿ ಪುಸ್ತಕದೊಳಗೆ ಇಟ್ಟುಕೊಂಡಳು. ರೈಲು ಕದಲಿತು.